ಬೀಗ ಹೊರಗಡೆ

ಬಳೇಪೇಟೆಯ ಸಂದಿಗುಡಿ. ಕೀಲಿ ಕಳೆದು
ಬೆಳಗಿನ ಐದಕ್ಕೇ ಫೋನು ಮಾಡಿದರು ಅರ್ಚಕ ಸೌಮ್ಯನಾರಾಯಣರು:
"ಒಳಗೆ ಸ್ವಾಮಿ ಹಸಿದಿದ್ದಾನೆ, ಬೇಗ ಬಾರಪ್ಪ."

ನಾನು ನಂಬುವವನಲ್ಲ.
ಅಮ್ಮ ಹರಕೆ ಹೊತ್ತ ವರ್ಷವೇ ತಮ್ಮ ಹೋದ;
ಅಂದಿನಿಂದ ನನಗೂ ಅವನಿಗೂ ಮಾತಿಲ್ಲ.
ಇಲ್ಲದವನ ಜೊತೆ ಮಾತು ಬಿಡೋದು ಹೇಗೆ
ಅಂತ ಹೆಂಡತಿ ಗಂಗರತ್ನ ನಗುತ್ತಾಳೆ.

ತಂತಿ ತೂರಿಸುತ್ತ ಕೇಳಿದೆ:
"ಒಳಗೇ ಇದ್ದಾನಲ್ಲ, ಅವನೇ ತೆಗೆಯಬಾರದೆ?"
"ಬೀಗ ಇರೋದು ಹೊರಗಡೆ ಕಣೋ," ಅಂದರು
ಒದ್ದೆ ಪಂಚೆಯಲ್ಲಿ ನಡುಗುತ್ತ.
ತಮಾಷೆಯೋ, ಉತ್ತರವೋ, ತಿಳಿಯಲಿಲ್ಲ.

ಅಲಿಗಢದ ಏಳು ಲಿವರಿನ ಹಳೇ ಬೀಗ.
ನಾಲ್ಕನೆಯದು ಹಠ ಹಿಡಿಯಿತು.
ಮಾರ್ಕೆಟ್ಟಿನ ಕಡೆಗೆ ಹೂವಿನ ಆಟೋಗಳು
ಹಾರ್ನು ಹೊಡೆಯುತ್ತ ಹೋಗುತ್ತಿದ್ದವು.

ಕಟಕ್.
ತಳ್ಳಿದರೆ ಕತ್ತಲು; ನಿನ್ನೆಯ ತುಳಸಿ, ಎಣ್ಣೆಜಿಡ್ಡು,
ಇಲಿಯೊಂದು ಸರಕ್ಕನೆ ಓಡಿದ ಸದ್ದು.
ದೀಪ ಹಚ್ಚುವ ಮೊದಲಿನ ಆ ಗಳಿಗೆ
ಅಲ್ಲಿ ಏನೂ ಕಾಣಲಿಲ್ಲ.
ಆಣೆ ಮಾಡಿ ಹೇಳಬಲ್ಲೆ, ಯಾರ ಮೇಲೆಂದು ಕೇಳಬೇಡಿ.

ಆದರೆ "ಇನ್ನೂರೈವತ್ತಾಗುತ್ತೆ" ಅನ್ನುವಾಗ
ದನಿ ತಗ್ಗಿಸಿದ್ದೆ,
ಒಳಗೆ ಯಾರೋ ಇನ್ನೂ ಮಲಗಿದ್ದಾರೆ
ಎಂಬಂತೆ.