ದಾಸ್ತಾನು ಪುಸ್ತಕ

ಕಾರವಾರದ ಬಾರುಗಳು ನನಗೆ ಹೆಸರಿನಿಂದ ಗೊತ್ತಿಲ್ಲ,
ನಂಬರಿನಿಂದ ಗೊತ್ತು.
ಇಪ್ಪತ್ತೊಂಬತ್ತು ವರ್ಷ ಅಬಕಾರಿ ಗುಮಾಸ್ತ.
ಬಾಟಲಿಗೆ ಅಡಿಪಟ್ಟಿ ಹಿಡಿದು
ಉಳಿದದ್ದನ್ನು ಅಳೆದು ಬರೆದವ.
ಕುಡಿದವರ ಹೆಸರಿಗೆ ಅಂಕಣವಿರಲಿಲ್ಲ.

ನಾಲ್ಕನೇ ನಂಬರು ಕೋಡಿಬಾಗದ ತಾರಿಕಟ್ಟೆಗೆ ತಾಗಿ.
ಕಾಳಿಗೆ ಆಗಿನ್ನೂ ಸೇತುವೆಯಿಲ್ಲ,
ಕೊನೆಯ ತಾರಿ ತಪ್ಪಿದವರೇ ಗಿರಾಕಿಗಳು.
ಕೆಲವರು ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದರು;
ಆಚೆ ದಡದ ಹೆಂಡಂದಿರು ಅದನ್ನು ತಿಳಿದೇ
ಮುಷ್ಟಿ ಅಕ್ಕಿ ಕಡಿಮೆ ಹಾಕುತ್ತಿದ್ದರು.
ಸೇತುವೆಯಾಯಿತು.
ಮರುವರ್ಷ ನವೀಕರಣಕ್ಕೆ ಅರ್ಜಿಯೇ ಬರಲಿಲ್ಲ.

ಒಂಬತ್ತು, ಬೈತಕೋಲ. ಅದಿರಿನ ಹಡಗು ನಿಂತ ರಾತ್ರಿ
ಕುರ್ಚಿ ಸಾಲದೆ ಮೀನಿನ ಪೆಟ್ಟಿಗೆ ಬೋರಲು ಹಾಕಿ ಕೂತು
ಯಾವ ಯಾವ ಭಾಷೆಯಲ್ಲೋ ಜಗಳ.
ಹಿಂಬಾಗಿಲಲ್ಲಿ ಲೇಪೆ ಹುರಿಯುವ ದುರ್ಗಿ ಹರಿಕಂತ್ರ
ಇಪ್ಪತ್ತು ವರ್ಷದಲ್ಲಿ ಒಳಗಿನ ಒಂದು ಕುರ್ಚಿಯನ್ನೂ ಕಂಡವಳಲ್ಲ,
ಕೆಮ್ಮು ಕೇಳಿಯೇ ಹೇಳುವಳು:
ಇವ ಟಗ್ಗಿನ ಡ್ರೈವರ, ಇವಗೆ ಖಾರ ಆಗ.

ಹನ್ನೆರಡರಲ್ಲಿ ಶನಿವಾರ ಕುಣಿತ.
ಹಲಗೆಯ ನೆಲಕ್ಕೆ ಪೌಡರು ಉದುರಿಸಿ
ಎಂಟು ಜೋಡಿ, ಒಂದು ಪೆಟ್ರೊಮ್ಯಾಕ್ಸ್,
ಮಡಗಾಂವಿನ ಬಸ್ಸಿಳಿದು ಬರುವ ಟ್ರಂಪೆಟಿನ ಕಾಯ್ತಾನ್.
ಮಾಜಾಳಿ ನಾಕೆಯಲ್ಲಿ ಅವನ ಪೆಟ್ಟಿಗೆ ಬಿಚ್ಚಿಸಿ
ಟ್ರಂಪೆಟಿನ ಬಾಯೊಳಗೆ ಕೈ ತೂರಿಸಿ
ಫೆನಿ ಹುಡುಕಿದವ ನಾನು. ಪ್ರತಿ ಶನಿವಾರ.
ಬರೀ ತಣ್ಣನೆಯ ಹಿತ್ತಾಳೆ.
ಹನ್ನೊಂದು ವರ್ಷದ ಮೇಲೆ ಯಾರದೋ ಮದುವೆಯಲ್ಲಿ ಸಿಕ್ಕು ಹೇಳಿದ:
ಬಿಸಿನೀರಿನ ರಬ್ಬರ್ ಚೀಲ, ಹೊಟ್ಟೆಗೆ ಕಟ್ಟಿ.
"ಸಾಯ್ಬಾ, ಮುಖ ನೋಡಿ ಮೂರು ಸಲ ನೀವೇ
ಹೊಟ್ಟೆನೋವಿಗೆ ಓಮದ ಗುಳಿಗೆ ಕೊಟ್ಟಿರಿ."

ಹದಿನೇಳು, ಅರಗಾ.
ನೌಕಾನೆಲೆಗಾಗಿ ಊರೇ ಎದ್ದು ಹೊರಟಾಗ
ಬಾರೂ ಏಳಬೇಕಲ್ಲ.
ದಾಸ್ತಾನು ಸೊನ್ನೆಯಾಗದೆ ಲೈಸೆನ್ಸು ಮುಗಿಯದು.
ಕೊನೆಯ ರಾತ್ರಿ ಇನಾಸ್ ಹಣ ಮುಟ್ಟಲಿಲ್ಲ.
ಬಲೆ ಮಾರಿದವರು, ಬಾವಿ ಬಿಟ್ಟವರು,
ಪರಿಹಾರದ ಚೀಟಿಯನ್ನು ಒಳಚಡ್ಡಿಯ ಜೇಬಲ್ಲಿಟ್ಟವರು
ಹೇಳಿದ ಕೆಲಸ ಮಾಡುವವರ ಹಾಗೆ ಕುಡಿದರು.
ಅಷ್ಟು ಸದ್ದಿಲ್ಲದ ಬಾರನ್ನು ನಾನು ಕಂಡಿಲ್ಲ.
ಗೋಡೆಯ ಉದ್ರಿ ಲೆಕ್ಕ, ಸುಣ್ಣದ ಮೇಲೆ ಇದ್ದಲಿನ ಗೀರು,
ಇನಾಸ್ ಒರೆಸಲಿಲ್ಲ.
"ನೇವಿಯವರು ವಸೂಲು ಮಾಡಲಿ" ಎಂದ.
ಆಗ ಒಬ್ಬ ನಕ್ಕ. ಒಬ್ಬನೇ.

ಹನ್ನೊಂದೂವರೆಗೆ ಎಣಿಸಿದೆ.
ಕಪಾಟಿನ ಹಿಂದೆ ಒಂದು ರಮ್ಮು, ಸೀಲು ಒಡೆಯದ್ದು.
ನಿಯಮದಂತೆ ಸಾಕ್ಷಿಗಳೆದುರು ಚೆಲ್ಲಬೇಕು.
ಸಾಕ್ಷಿಗಳು ಬೆಂಚಿನ ಮೇಲೆ ನಿದ್ದೆಹೋಗಿದ್ದರು.
ಇನಾಸ್ ನನ್ನ ಮುಖ ನೋಡಿದ.
ನಾನು ಸಮುದ್ರ ನೋಡಿದೆ.
ಎರಡು ಗ್ಲಾಸು.
ಜೀವಮಾನದಲ್ಲಿ ನಾನು ಕುಡಿದದ್ದು ಅದೊಂದೇ ರಾತ್ರಿ:
ಮೊದಲು ಬೆಲ್ಲ, ಆಮೇಲೆ ಸೀಮೆಎಣ್ಣೆ,
ಆಮೇಲೆ ಅವನ ಮಗಳ ಹೆಸರು, ಅವಳು ಬಿದ್ದ ಬಾವಿ,
ನಾಳೆ ಆ ಬಾವಿಗೂ ಬೇಲಿ.
ಪುಸ್ತಕದಲ್ಲಿ ಬರೆದೆ:
ಒಡೆದದ್ದು, ಒಂದು.

ಒಡೆದ ಆ ಬಾಟಲಿ ನಮ್ಮ ಅಡುಗೆಮನೆಯಲ್ಲಿ
ಒಲೆಯ ಪಕ್ಕ ನೆಟ್ಟಗೆ ನಿಂತಿದೆ.
ಹೆಂಡತಿ ಅದರಲ್ಲಿ ಮುರುಗಲ ರಸ ತುಂಬಿಡುತ್ತಾಳೆ.
ಎಲ್ಲಿಂದ ಬಂತೆಂದು ಕೇಳಿಲ್ಲ.
ಮುಚ್ಚಳ ಎಂದೋ ಕಳೆದಿದೆ,
ಬಟ್ಟೆಯ ಬಿರಡೆ, ಅದೂ ಈಗ ಕೆಂಪಗೆ.