ನಾಲ್ಕು ನಿಮಿಷ

ಪ್ರತಿ ಶನಿವಾರ ಹೊರಡುವ ಮುನ್ನ
ಎರಡು ಕ್ಯಾಮೆರಾಗಳನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು
ಗಡಿಯಾರ ಕೂಡಿಸುತ್ತೇವೆ, ಲೆಶೆಕ್ ಮತ್ತು ನಾನು.
ಮೂರು, ಎರಡು, ಒಂದು ಅನ್ನುತ್ತಾನೆ ಅವನು,
ಇಬ್ಬರೂ ಒಟ್ಟಿಗೆ ಗುಂಡಿ ಒತ್ತುತ್ತೇವೆ.
ಹನ್ನೊಂದು ವರ್ಷದಲ್ಲಿ ತಪ್ಪಿದ್ದು ಒಂದೇ ಸಲ.

ಅವತ್ತು ಮಾತು ಬಿಟ್ಟಿದ್ದೆವು.
ಹೊಸ ಲೆನ್ಸಿಗೆಂದು ಕೂಡಿಟ್ಟ ದುಡ್ಡು
ಅವನ ತಮ್ಮನ ಟ್ರಾಕ್ಟರಿನ ಗೇರ್‌ಬಾಕ್ಸ್ ಆಗಿತ್ತು;
ನನಗೆ ತಿಳಿದದ್ದು ತಮ್ಮನ ಹೆಂಡತಿಯ ಬಾಯಿಂದ.
ಶೆಮ್ಯಾತಿಚೆಯವರೆಗೆ ಎಪ್ಪತ್ತು ಕಿಲೋಮೀಟರು
ವೈಪರ್ ಒಂದೇ ಮಾತಾಡಿತು.
ರಿಪೇರಿಯಿಂದ ಹಿಂದಿನ ದಿನವಷ್ಟೇ ಬಂದಿದ್ದ ಅವನ ಕ್ಯಾಮೆರಾ
ಯಾರದೋ ಅಂಗಡಿಯ ಹೊತ್ತನ್ನು ಹೊತ್ತು ಹಿಂದಿನ ಸೀಟಿನಲ್ಲಿತ್ತು.

ಮದುವೆ ಮಾಡಿ ನೋಡು ಅನ್ನುವವರು ಅನ್ನಲಿ,
ಮಾಡುವವರು ಬೇರೆ, ನಮ್ಮ ಪಾಲಿಗೆ ಬರೀ ನೋಡುವುದು.

ಬಾಯಿಗೆ ಮುನಿಸು, ಕೈಗೆ ಎಲ್ಲಿಯದು?
ಇಗರ್ಜಿಯಲ್ಲಿ ಅವನ ಹುಬ್ಬು ಏರಿದರೆ ನಾನು ಎಡಕ್ಕೆ,
ನಾನು ಮೊಣಕಾಲೂರಿದರೆ ಅವನು ಕಂಬದ ಹಿಂದಕ್ಕೆ.
ಉಂಗುರದ ಗಳಿಗೆಯಲ್ಲಿ ಅವನು ಉಸಿರು ಹಿಡಿಯುವುದು
ಆರ್ಗನ್ನಿನ ಮೊರೆತದ ನಡುವೆಯೂ ನನಗೆ ಕೇಳುತ್ತದೆ.
ಅವತ್ತೂ ಕೇಳಿತು. ಕೇಳಿತಲ್ಲ ಎಂದೇ ಇನ್ನಷ್ಟು ಸಿಟ್ಟು ಬಂತು.

ಊಟ, ಅಗ್ನಿಶಾಮಕ ದಳದ ಚಾವಡಿಯಲ್ಲಿ.
ಕೆಂಪು ಲಾರಿಯನ್ನು ಮಳೆಗೆ ತಳ್ಳಿ
ಅದು ನಿಲ್ಲುವ ಜಾಗದಲ್ಲೇ ಕುಣಿತ.
ಗೋಶ್ಕೊ! ಗೋಶ್ಕೊ! ಎಂದು ಕೂಗುತ್ತಾರೆ ಇಲ್ಲಿ:
ಕಹಿ, ಗ್ಲಾಸಿನಲ್ಲಿರುವುದು ಬರೀ ಕಹಿ,
ನೀವು ಮುತ್ತಿಟ್ಟರೆ ಮಾತ್ರ ನಮ್ಮ ಗಂಟಲಿಗೆ ಇಳಿದೀತು.
ಗಂಡು ಹೆಣ್ಣು ಏಳುತ್ತಾರೆ, ಜನ ಒಂದು ಎರಡು ಎಣಿಸುತ್ತಾರೆ.
ಕಾಲಿನಾ ಅವತ್ತು ಎದ್ದದ್ದು ಮೂವತ್ತೊಂದು ಸಲ.
ನಲವತ್ತು ಮಾಡಿದವರೂ ಇದ್ದಾರೆ.

ನಮ್ಮ ಮೇಜು ಪಾತ್ರೆ ತೊಳೆಯುವಲ್ಲಿ, ಬಾಗಿಲ ಪಕ್ಕ.
ನಮ್ಮ ಊಟಕ್ಕೆ ಮೂರು ನಿಮಿಷ.
ಆರಿದ ಬೀಟ್‌ರೂಟ್ ಸಾರು, ತೇಲುವ ಪುಟ್ಟ ಕಡುಬು.
ಅವನು ತನ್ನ ಕಡುಬನ್ನು ನನ್ನ ಬಟ್ಟಲಿಗೆ ಹಾಕಿದ,
ನಾನು ಅವನದಕ್ಕೆ ವಾಪಸು ಹಾಕಿದೆ.
ಮತ್ತೆ ಹಾಕಿದ.

ಅದನ್ನು ಕಂಡ ಮದುಮಗನ ಸೋದರಮಾವ ಮ್ಯೆತೆಕ್,
ಒಂದು ಕಾಲಿನ ಬೂಟು ಎಲ್ಲೋ ಕಳೆದುಕೊಂಡು ಬಂದವನು,
ಬಾಗಿಲ ಚೌಕಟ್ಟಿಗೆ ಜೋತು ಕೂಗಿದ:
ಗೋಶ್ಕೊ.
ನಮಗೆ.
ಅಡುಗೆಯ ಹೆಂಗಸರು ಸೌಟಿನಿಂದ ತಪ್ಪಲೆ ಬಡಿದರು.

ಎದ್ದೆವು, ಮತ್ತೇನು ಮಾಡುವುದು.
ಕ್ಯಾಮೆರಾಗಳು ಕೊರಳಲ್ಲೇ ಇದ್ದವು,
ತುಟಿಗೆ ಮೊದಲು ಲೆನ್ಸಿಗೆ ಲೆನ್ಸು ತಾಗಿ ಟಕ್ ಅಂದಿತು.
ಗೀರು ಬಿತ್ತೇನೋ, ಅಂದೆ. ದಿನದ ಮೊದಲ ಮಾತು.
ಬೀಳಲಿ, ಅಂದ. ಬೀಟ್‌ರೂಟು, ಉಪ್ಪು, ಕ್ಷೌರ ಮಾಡದ ಗಲ್ಲ.
ಯಾರೋ ಎಣಿಸುತ್ತಿದ್ದರು. ಏಳರವರೆಗೆ ಬಂದದ್ದು ನೆನಪಿದೆ.

ಮಂಗಳವಾರ ಎರಡೂ ಕಾರ್ಡುಗಳನ್ನು ಒಂದೇ ಸಾಲಿಗೆ ಸುರಿದರೆ
ಕತೆಯೇ ಕೆಟ್ಟುಹೋಗಿತ್ತು:
ಕೇಕು ಕತ್ತರಿಸುವ ಮೊದಲೇ ಮಕ್ಕಳ ಮೂತಿಗೆಲ್ಲ ಕ್ರೀಮು,
ಉಂಗುರ ಬೆರಳಿಗೇರುವ ಮೊದಲೇ
ಕಾಲಿನಾಳ ತಾಯಿ ಅತ್ತು, ಒರೆಸಿ, ಮುಗಿಸಿದ್ದಾಳೆ.
ಅವನ ಗಡಿಯಾರ ನಾಲ್ಕು ನಿಮಿಷ ಹಿಂದಿತ್ತು.

ರಾತ್ರಿ ಒಂದೂಕಾಲರ ಹತ್ತಿರ
ಅವನ ಪಟಗಳ ನಡುವೆ ಒಂದು ಖಾಲಿ, ಮೂರು ನಿಮಿಷದ್ದು.
ಸ್ವಲ್ಪ ಕೆಳಗೆ ನನ್ನವುಗಳ ನಡುವೆ ಇನ್ನೊಂದು.
ಅವನು ಮುತ್ತಿಟ್ಟು, ಬಾಯಿ ಒರೆಸಿಕೊಂಡು,
ಕುಣಿಯುವವರ ಕಾಲುಗಳ ಬಳಿಗೆ ಆಗಲೇ ಮರಳಿದ್ದಾನೆ;
ನಾನಿನ್ನೂ ಹಲ್ಲು ಕಚ್ಚಿಕೊಂಡು
ನಿದ್ದೆಹೋದ ಅಜ್ಜಿಯೊಬ್ಬಳ ಪಟ ತೆಗೆಯುತ್ತಿದ್ದೇನೆ,
ಒಂದರ ಹಿಂದೊಂದು, ಆರು.

ಅವನ ಸಾಲನ್ನೆಲ್ಲ ಆಯ್ದು ನಾಲ್ಕು ನಿಮಿಷ ಕೂಡಿಸಿದೆ.
ತಾಯಿ ಹೊತ್ತಿಗೆ ಸರಿಯಾಗಿ ಅತ್ತಳು.
ಖಾಲಿಗೆ ಖಾಲಿ ಬಂದು ಕೂತಿತು.

ಗೇರ್‌ಬಾಕ್ಸಿನ ಮಾತು ಮಾತ್ರ
ಇನ್ನೂ ಬಾಕಿ ಇದೆ.