ಎರಡು ಮಿಲಿಮೀಟರ್

ಇಪ್ಪತ್ತೆಂಟು ವರ್ಷ ಆತು, ಗುಳೇದಗುಡ್ಡದ
ಅರಳಿಕಟ್ಟಿ ಓಣ್ಯಾಗ ಕುಬಸ ಹೊಲಿತೀನಿ.
ಎಷ್ಟು ಮಂದಿ ಎದಿ ಅಳದೀನೋ
ಬುಕ್ಕಿನ್ಯಾಗೈತಿ, ಹೆಸರಿನ ಮುಂದ ಬರೇ ಅಂಕಿ:
ಮೂವತ್ನಾಕು, ಮೂವತ್ತೆಂಟು, ಬಸರಾದ ಮ್ಯಾಲ ನಲವತ್ತು.
ನಂದು ಎಂದೂ ಬರದಿಲ್ಲ.
ನನ್ನ ಕುಬಸ ಕಣ್ಣಳತಿ.

ಬಾಗಲಕೋಟಿ ದವಾಖಾನ್ಯಾಗ
ಎರಡು ಹಲಗಿ ನಡುವ ಒತ್ತಿ ತಗದ ಫೋಟೊ.
ಹಂಚಿನಾಳ ಡಾಕ್ಟರ್ ಬಾಯಿ ಬೆಳಕಿಗೆ ಹಿಡದು ತೋರಿಸಿದ್ರು,
ಬಿಳಿ ಬಿಳಿ ಹರಳು,
ಕಿಸೆದಾಗ ಮರತ ಸೀಮಿಸುಣ್ಣ ಪುಡಿಯಾದಂಗ.
ಗಂಟಿಲ್ಲ. ನೋವಿಲ್ಲ. ಕೈಗೆ ಏನೂ ಸಿಗಲಿಲ್ಲ,
ಕಣ್ಣು ಮುಚ್ಚಿ ಬಟ್ಟಿ ದೋಷ ಹಿಡಿಯೋ ಈ ಕೈಗೆ.

ಸೂಜಿ ಹಾಕಿ ತಗದ ಚೂರು ಹುಬ್ಬಳ್ಳಿಗೆ ಹೋಗಿ ಬಂತು.
"ಹಾಲಿನ ನಾಳದಾಗ ಐತಿ. ನಾಳದ ಗ್ವಾಡಿ ದಾಟಿಲ್ಲ.
ದಾಟಬಹುದು, ದಾಟದೇನೂ ಇರಬಹುದು.
ಖಾತ್ರಿ ಹೇಳಾಕ ಯಾರಿಗೂ ಬರಂಗಿಲ್ಲ."
ಹಂಗಾರ ಕ್ಯಾನ್ಸರ್ ಅನ್ಲ್ಯೋ ಬ್ಯಾಡೋ?
"ಸೊನ್ನಿ ಹಂತ" ಅಂದ್ರು.
ಸೊನ್ನಿ ಅಂದ್ರ ಏನೂ ಇಲ್ಲ ಅಂತ ಸಾಲ್ಯಾಗ ಕಲಿಸಿದ್ರು.
ಏನೂ ಇಲ್ಲದ್ದಕ್ಕ ಕತ್ರಿ ಯಾಕ್ರಿ?

ಹಾಳಿ ಮ್ಯಾಲ ಪೆನ್ನಿಲೆ ಬರದು ತೋರಿಸಿದ್ರು:
ಚೂರಷ್ಟ ತಗದು, ಉಳದ ಎದಿಗೆ ಮೂರು ವಾರ ಕರೆಂಟು.
ಇಲ್ಲಾ, ಪೂರಾ ತಗದು ಬಿಡೋದು, ಕರೆಂಟು ಬ್ಯಾಡ.
ಐದು ವರ್ಷ ದಿನಾ ಗುಳಿಗಿ, ಆ ಮಾತು ಆಮ್ಯಾಲ.
"ಬದುಕೋ ಲೆಕ್ಕದಾಗ ಎರಡೂ ಹೆಚ್ಚುಕಡಿಮಿ ಒಂದ.
ಉಳಿಸಿಕೊಂಡ್ರ ತಿರಗಿ ಬರೋ ಅಂಜಿಕಿ ಸ್ವಲ್ಪ ಜಾಸ್ತಿ.
ನಿಮಗ ಯಾವುದು ಬೇಕು ಹೇಳ್ರಿ."

ನಿಮಗ ಯಾವುದು ಬೇಕು.
ಈ ಮಾತು ನಾ ಗಿರಾಕಿಗೆ ಕೇಳೋದು:
ಗುಂಡಿ ಮುಂದೋ ಹಿಂದೋ, ತೋಳು ಗಿಡ್ಡೋ ಉದ್ದೋ.
ನನಗ ಹಿಂಗ ಕೇಳಿದವರು ಇವರ ಮೊದಲು.
ಲಗ್ನಕ್ಕ ಕೇಳಿರಲಿಲ್ಲ. ಮೂರನೇದ್ದು ಬ್ಯಾಡಂದಾಗ ಕೇಳಿರಲಿಲ್ಲ.
ನಾಲಿಗಿ ಒಣಗ್ತು.

ಮನ್ಯಾಗ ಎಲ್ಲಾರಿಗೂ ಉತ್ತರ ಗೊತ್ತಿತ್ತು.
"ಪೂರಾ ತಗಸು, ಈ ವಯಸ್ಸಿನ್ಯಾಗ ಏನು ಬೇಕದು" ನೆಗೆಣ್ಣಿ.
"ಕತ್ರಿ ತಾಗಿದ್ರ ಹರಡತೈತಂತ" ಬಾಜೂಮನಿ ಕಾಶಿಬಾಯಿ.
ಗಂಡ ಮಗ್ಗದ ಕುಣಿಯಾಗ ಕಾಲಿಟ್ಟು
ಲಾಳಿ ನಿಂದ್ರಿಸಿ ಸುಮ್ಮನ ಕುಂತ.
ನಡುರಾತ್ರಿ ಕೇಳಿದ: "ನೋಯತೈತೇನ?"
ಇಲ್ಲ ಅಂದೆ. ಅದ ಅಲ್ಲೇನು ತ್ರಾಸು?
ನೋವಿದ್ರ ನಾನ ಹೇಳತಿದ್ದೆ, ತಗೀರಿ ಅಂತ.

ದವಾಖಾನಿ ಬಾಕಿನ ಮ್ಯಾಲ ಮುಧೋಳದ ಮಾಲನಬಿ.
ಅಕಿಗೂ ಸೊನ್ನಿ, ಆದ್ರ ನಾಕು ಕಡೆ ಚದರಿತ್ತು.
"ಪೂರಾ ತಗಸಾಕ್ಹತ್ತೀನಿ.
ನನಗ ನಿದ್ದಿ ಬೇಕವ್ವಾ" ಅಂದ್ಲು.
ನಿದ್ದಿ ಬ್ಯಾಡ ಅನ್ನೋಕಿ ನಾ ಯಾರು?

ಒಳಗ ಹೋಗಿ ಕೇಳಿದೆ:
"ಚೂರು ತಗದ್ರ, ಸುತ್ತಲೂ ಎಷ್ಟು ಬಿಡತೀರಿ?"
"ಮಾರ್ಜಿನ್ ಎರಡು ಮಿಲಿಮೀಟರ್ ಸ್ವಚ್ಛ ಸಿಕ್ರ ಸಾಕು.
ಸಿಗಲಿಲ್ಲ, ಮತ್ತೊಮ್ಮಿ ಕೊಯ್ಯಬೇಕು."
ನಗು ಬಂತು.
ನಾವೂ ಮಾರ್ಜಿನ್ ಅಂತೀವ್ರಿ, ಒಂದು ಬಟ್ಟು ಬಿಡತೀನಿ,
ನಾಳೆ ಮೈ ತುಂಬಿದ್ರ ಬಿಚ್ಚಾಕ.
ಎರಡು ಮಿಲಿಮೀಟರ್‌ನ್ಯಾಗ ದಾರ ಸೈತ ನಿಲ್ಲಂಗಿಲ್ಲ.

ಚೂರಷ್ಟ, ಅಂದೆ.
ತಪ್ಪು ಹೊಲಿಗಿ ಬಿಚ್ಚೀನಿ, ಪೂರಾ ಕುಬಸ ಎಂದೂ ಒಗದಿಲ್ಲ,
ಅದಕ್ಕ ಅಂತ ಹೇಳಿದ್ರ ಛಂದ ಕೇಳತೈತಿ. ಖರೇ ಅದಲ್ಲ.
ನಂದು ನನಗ ಬೇಕಿತ್ತು.

ರಿಪೋರ್ಟ್ ಬಂತು: ಎಲ್ಲಾ ಕಡೆ ಐದು, ಆರು,
ಒಂದು ಕಡೆ ಸರಿಯಾಗಿ ಎರಡು.
ಆ ಒಂದು ಕಡೆ ಇನ್ನೂ ಕನಸಿನ್ಯಾಗ ಬರತೈತಿ.

ಕರೆಂಟಿನ ಮೊದಲ ದಿನ ಹುಡುಗಿಯೊಬ್ಬಾಕಿ
ನನ್ನ ಎದಿ ಮ್ಯಾಲ ನೀಲಿ ಗೆರಿ ಎಳದ್ಲು.
"ಅಲ್ಲಾಡಬ್ಯಾಡ್ರಿ."
ಕೈ ನಡಗತಿತ್ತು, ಹೊಸಬಾಕಿ.
"ಉಸರು ಬಿಟಗೋತ ಎಳಿ, ಗೆರಿ ನೆಟ್ಟಗ ಬರತೈತಿ" ಅಂದೆ.

ಮೊನ್ನೆ ಮಾಲನಬಿ ಬಂದ್ಲು,
ಸೂಜಿಮಲ್ಲಿಗಿ ಖಣ ಹಿಡಕೊಂಡು.
ಬುಕ್ಕು ತಗದು ಒಂದ ಹೆಸರಿಗೆ
ಬಲಕ್ಕೊಂದು ಎಡಕ್ಕೊಂದು ಅಂಕಿ ಬರದೆ.
ಎಡಕ್ಕ ಒಳಗೊಂದು ಕಿಸೆ, ಅರಳಿ ತುಂಬಾಕ.
"ನಿದ್ದಿ?" ಅಂತ ಕೇಳಿದೆ.
"ಬರತೈತಿ. ಒಂದ ಮಗ್ಗಲಾ."
ಇಬ್ಬರೂ ಬಿದ್ದು ಬಿದ್ದು ನಕ್ಕಿವಿ.
ಆಮ್ಯಾಲ ಅಕಿ ನನ್ನ ಕೊಳ್ಳಾಗಿನ ಟೇಪು ಕಸಗೊಂಡು,
"ಕೈ ಎತ್ತು" ಅಂದ್ಲು.